ರೇಟ್ ಇಳಿಸದೆ ಗೆಲ್ಲುವುದು: ಬೇರೆಯವರ ಪ್ರಾಡಕ್ಟ್ ಕಟ್ಟಿಕೊಡುವ ಸಣ್ಣ ಕಂಪನಿಗಳಿಗೆ

ಮೂವತ್ತು, ನಲವತ್ತು ಜನರ ಸಾಫ್ಟ್‌ವೇರ್ ಕಂಪನಿ ನಡೆಸುವವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: ಗಂಟೆಗೆ ಎಷ್ಟು ಡಾಲರ್ ಕೋಟ್ ಮಾಡಬೇಕು? ಈ ಪ್ರಶ್ನೆಯಿಂದ ಶುರು ಮಾಡಿದರೆ ಸೋಲು ಅಲ್ಲೇ ಶುರುವಾಗುತ್ತದೆ. ನಿಮಗಿಂತ ಎರಡು ಡಾಲರ್ ಕಡಿಮೆಗೆ ಮಾಡಿಕೊಡುವವರು ಯಾವಾಗಲೂ ಇರುತ್ತಾರೆ. ಇವತ್ತು ಇಂದೋರಿನಲ್ಲಿ, ನಾಳೆ ವಿಯೆಟ್ನಾಂನಲ್ಲಿ. ಆ ಓಟಕ್ಕೆ ಕೊನೆಯೇ ಇಲ್ಲ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಬ್ಯಾಂಕಿಗೆ ಒಳಗಿನ ಬಳಕೆಗೆ ಸಾಫ್ಟ್‌ವೇರ್ ಮಾಡಿಕೊಡುವುದು ಬೇರೆ, ಒಂದು ಕಂಪನಿ ತನ್ನ ಹೆಸರು ಹಾಕಿ ಮಾರುವ ಪ್ರಾಡಕ್ಟನ್ನು ಕಟ್ಟಿಕೊಡುವುದು ಬೇರೆ. ಎರಡನೆಯದರಲ್ಲಿ ಏನಾದರೂ ಕೆಟ್ಟರೆ ಮರ್ಯಾದೆ ಹೋಗುವುದು ನಿಮ್ಮ ಕ್ಲೈಂಟಿನದು. ಅವರು ನಿಮಗೆ ದುಡ್ಡು ಕೊಡುವುದು ಕೋಡ್ ಬರೆಯಲಿ ಅಂತ ಮಾತ್ರ ಅಲ್ಲ, ತಮಗೆ ಇನ್ನೂ ಕಾಣದ ತೊಂದರೆಯನ್ನು ನೀವು ಮೊದಲೇ ಕಾಣುತ್ತೀರಿ ಅನ್ನುವ ನಂಬಿಕೆಗೆ. ಆ ಕಣ್ಣು ಬೆಳೆಯುವುದು ಒಂದೇ ತರಹದ ಕೆಲಸವನ್ನು ವರ್ಷಗಟ್ಟಲೆ ಮಾಡಿದಾಗ, ಮಾಡಿದ್ದನ್ನು ಮರೆಯದೆ ಇಟ್ಟುಕೊಂಡಾಗ. ನನ್ನ ಪ್ರಕಾರ ಈ ವ್ಯವಹಾರದಲ್ಲಿ ನಿಜವಾದ ಬಂಡವಾಳ ಇದೊಂದೇ.

ನಮ್ಮಲ್ಲೇ ಉದಾಹರಣೆಗಳಿವೆ. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಅಲ್ಲಿ ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ (ಧ್ವನಿ, ಚಿತ್ರದಂತಹ ಸಂಕೇತಗಳನ್ನು ಲೆಕ್ಕ ಹಾಕಿ ಸಂಸ್ಕರಿಸುವ ವಿದ್ಯೆ) ಪಳಗಿದವರು 2001ರಲ್ಲಿ ಇಟ್ಟಿಯಮ್ ಅನ್ನುವ ಕಂಪನಿ ಶುರು ಮಾಡಿದರು, ಅದೇ ವಿದ್ಯೆಯನ್ನು ಲೈಸೆನ್ಸ್ ಕೊಟ್ಟು ಮಾರಿದರು. ಪುಣೆಯ ಕೆಪಿಐಟಿ ಇನ್ನೊಂದು ದಾರಿ ಹಿಡಿಯಿತು. ಅವರ ಬಳಿ ಮಾಮೂಲಿ ಐಟಿ ಸೇವೆಯ ದೊಡ್ಡ ವ್ಯವಹಾರ ಇತ್ತು. 2018ರಲ್ಲಿ ನಿರ್ಧಾರ ಮಾಡಿ 2019ರ ಆರಂಭದ ಹೊತ್ತಿಗೆ ಅದನ್ನು ಬಿರ್ಲಾಸಾಫ್ಟ್ ಅನ್ನುವ ಇನ್ನೊಂದು ಐಟಿ ಕಂಪನಿಯ ಕಡೆಗೆ ಬಿಟ್ಟುಕೊಟ್ಟು, ವಾಹನಗಳ ಸಾಫ್ಟ್‌ವೇರ್ ಮಾತ್ರ ಇಟ್ಟುಕೊಂಡರು. ಅಷ್ಟು ದೊಡ್ಡ ಕಂಪನಿಯೇ "ನಾವು ಇದಿಷ್ಟೇ ಮಾಡುತ್ತೇವೆ" ಅಂದಿರುವಾಗ, ನಲವತ್ತು ಜನರ ಕಂಪನಿಯ ವೆಬ್‌ಸೈಟಿನಲ್ಲಿ ಫಿನ್‌ಟೆಕ್, ಹೆಲ್ತ್‌ಕೇರ್, ರೀಟೇಲ್, ಬ್ಲಾಕ್‌ಚೈನ್ ಎಲ್ಲವೂ ಇದ್ದರೆ ಯಾರು ನಂಬುತ್ತಾರೆ?

ಹಾಗಾದರೆ ಕ್ಷೇತ್ರ ಆರಿಸಿಕೊಳ್ಳುವುದು ಹೇಗೆ? ಮಾರ್ಕೆಟ್ ರಿಪೋರ್ಟ್ ಓದಿ ಆರಿಸಬೇಡಿ. ನೀವು ಈಗಾಗಲೇ ಮುಗಿಸಿದ ಪ್ರಾಜೆಕ್ಟ್‌ಗಳನ್ನು ಮುಂದಿಟ್ಟುಕೊಂಡು, ಯಾವ ಕೆಲಸದಲ್ಲಿ ನಿಮ್ಮ ಹುಡುಗರು ಕ್ಲೈಂಟ್ ಹೇಳುವ ಮೊದಲೇ ತಪ್ಪು ಹಿಡಿದಿದ್ದರು ಅಂತ ನೋಡಿ. ಹಳೆಯ ಮೇಲ್‌ಗಳಲ್ಲಿ ಅದು ಸಿಗುತ್ತದೆ. ಅದೇ ನಿಮ್ಮ ಕ್ಷೇತ್ರ. ಅದನ್ನು ಇನ್ನೂ ಚಿಕ್ಕದು ಮಾಡಿ. "ಹೆಲ್ತ್‌ಕೇರ್" ಅಂದರೆ ಏನೂ ಹೇಳಿದಂತಾಗಲಿಲ್ಲ. "ಬ್ಯಾಟರಿಯಲ್ಲಿ ಓಡುವ ವೈದ್ಯಕೀಯ ಸಾಧನಗಳ ಫರ್ಮ್‌ವೇರ್" ಅಂದರೆ ಕೇಳುವವರ ಕಿವಿ ನೆಟ್ಟಗಾಗುತ್ತದೆ. (ಫರ್ಮ್‌ವೇರ್ ಅಂದರೆ ಸಾಧನದೊಳಗೇ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್.)

ಇದರಿಂದ ಏನು ಲಾಭ ಅಂತ ಒಂದು ಉದಾಹರಣೆಯಲ್ಲಿ ನೋಡಿ. ಇನ್‌ಫ್ಯೂಷನ್ ಪಂಪ್ ಇದೆಯಲ್ಲ, ರೋಗಿಯ ರಕ್ತನಾಳಕ್ಕೆ ಔಷಧಿಯನ್ನು ಲೆಕ್ಕ ಹಾಕಿ ಬಿಡುವ ಯಂತ್ರ. ಕ್ಲೈಂಟ್ ಮೊದಲ ಕಾಲ್‌ನಲ್ಲಿ ಸ್ಕ್ರೀನ್ ಹೇಗಿರಬೇಕು, ಬ್ಲೂಟೂತ್ ಬೇಕೋ ಬೇಡವೋ ಅಂತ ಮಾತಾಡುತ್ತಿದ್ದಾರೆ. ನಿಮ್ಮ ಎಂಜಿನಿಯರ್ ಕೇಳುತ್ತಾಳೆ: "ಔಷಧಿ ಹೋಗುತ್ತಿರುವಾಗಲೇ ಬ್ಯಾಟರಿ ಕೈಕೊಟ್ಟರೆ, ಅಲ್ಲಿಯವರೆಗೆ ಎಷ್ಟು ಹೋಗಿದೆ ಅನ್ನುವ ಲೆಕ್ಕ ಎಲ್ಲಿ ಉಳಿಯುತ್ತದೆ?" ಫ್ಲ್ಯಾಶ್‌ನಲ್ಲಿ (ಕರೆಂಟ್ ಹೋದರೂ ಅಳಿಯದ ಮೆಮೊರಿ), ಸೆಕೆಂಡಿಗೊಂದು ಸಲ ಬರೆಯುತ್ತೇವೆ ಅನ್ನುತ್ತಾರೆ ಅವರು. ಸಾಮಾನ್ಯವಾಗಿ ನಾರ್ ಅನ್ನುವ ಬಗೆಯ ಫ್ಲ್ಯಾಶ್‌ನ ಒಂದು ಸೆಕ್ಟರನ್ನು, ಅಂದರೆ ಒಟ್ಟಿಗೇ ಅಳಿಸಬೇಕಾದ ಒಂದು ತುಂಡನ್ನು, ಸುಮಾರು ಒಂದು ಲಕ್ಷ ಸಲ ಅಳಿಸಿ ಬರೆಯಬಹುದು. ಅದೇ ಸೆಕ್ಟರನ್ನು ಸೆಕೆಂಡಿಗೊಮ್ಮೆ ಅಳಿಸಿದರೆ ಗಂಟೆಗೆ 3,600 ಸಲ ಆಯಿತು. ಅಂದರೆ 28 ಗಂಟೆಯೊಳಗೆ ಅದರ ಆಯಸ್ಸು ಮುಗಿಯಿತು. ಬೆಳಿಗ್ಗೆ ಒಂಬತ್ತಕ್ಕೆ ಪಂಪ್ ಶುರು ಮಾಡಿದರೆ ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಆ ಲೆಕ್ಕವನ್ನು ನಂಬುವ ಹಾಗಿಲ್ಲ. ಸೆಕ್ಟರ್ ಬದಲಿಸಿ ಬದಲಿಸಿ ಬರೆಯಬೇಕು, ಇಲ್ಲವೇ ಪದೇ ಪದೇ ಬರೆದರೂ ಬೇಗ ಸವೆಯದ ಎಫ್‌ರ್ಯಾಮ್ ಅನ್ನುವ ಮೆಮೊರಿ ಹಾಕಬೇಕು, ಹಾಕುವುದಾದರೆ ಬೋರ್ಡ್ ಡಿಸೈನ್ ಮುಗಿಯುವ ಮೊದಲೇ ಹೇಳಬೇಕು. ಈ ಒಂದು ಪ್ರಶ್ನೆ ಕೇಳಿದ ಮೇಲೆ ಅವರು ನಿಮ್ಮ ಗಂಟೆಯ ರೇಟಿನ ಮೇಲೆ ಚೌಕಾಸಿ ಮಾಡುವುದು ತುಂಬಾ ಕಡಿಮೆಯಾಗುತ್ತದೆ.

ಇಂತಹ ಪ್ರಶ್ನೆಗಳನ್ನು ಒಬ್ಬರ ತಲೆಯಲ್ಲಿ ಬಿಡಬೇಡಿ. ಬರೆದಿಡಿ. ಪ್ರತಿ ಪ್ರಾಜೆಕ್ಟಿನಲ್ಲೂ ದೊಡ್ಡ ನಿರ್ಧಾರ ಆದಾಗ ಅರ್ಧ ಪುಟ ಸಾಕು: ಏನು ಮಾಡಿದ್ವಿ, ಬೇರೆ ಏನೇನು ದಾರಿ ಇತ್ತು, ಅವನ್ನು ಯಾಕೆ ಬಿಟ್ವಿ. ಈ "ಯಾಕೆ ಬಿಟ್ವಿ" ಅನ್ನುವುದನ್ನು ಯಾರೂ ಬರೆಯುವುದಿಲ್ಲ, ಎರಡು ವರ್ಷ ಆದ ಮೇಲೆ ಬೇಕಾಗುವುದು ಅದೇ. ಆ ಟಿಪ್ಪಣಿ ಕೋಡ್ ಇರುವ ಕಡೆಯೇ ಇರಲಿ, ಯಾರದೋ ಡ್ರೈವ್ ಫೋಲ್ಡರಿನಲ್ಲಿ ಬೇಡ. ಕ್ಲೈಂಟಿನ ಗುಟ್ಟೆಲ್ಲ ತೆಗೆದು ಸಾಮಾನ್ಯ ಪಾಠವನ್ನಷ್ಟೇ ನಿಮ್ಮ ಕಂಪನಿಯ ಒಂದು ಪಟ್ಟಿಗೆ ಸೇರಿಸುತ್ತಾ ಹೋಗಿ, ಹೊಸ ಕ್ಲೈಂಟಿನ ಜೊತೆ ಮೊದಲ ಕಾಲ್‌ಗೆ ಕೂರುವ ಮೊದಲು ಆ ಪಟ್ಟಿಯನ್ನು ಟೀಮೆಲ್ಲ ಓದಲಿ.

ಜನ ಬಿಟ್ಟು ಹೋಗುತ್ತಾರೆ. ಅದನ್ನು ತಡೆಯಲು ಪೂರ್ತಿ ಆಗುವುದಿಲ್ಲ. ಆದರೆ ಒಂದು ಮಾಡ್ಯೂಲ್ ಒಬ್ಬರಿಗೆ ಮಾತ್ರ ಗೊತ್ತಿರುವ ಸ್ಥಿತಿಯನ್ನು ತಡೆಯಬಹುದು. ಪ್ರತಿ ಭಾಗಕ್ಕೂ ಇಬ್ಬರು ಅಂತ ಮಾಡಿ, ಎರಡನೆಯವರು ನಿಜವಾಗಿಯೂ ಅದರಲ್ಲಿ ಬಗ್ ಸರಿಮಾಡಿರಬೇಕು, ಕೆಲಸದ ವಿವರ ಹೇಳಿಕೊಡುವ ಕೆಟಿ ಕಾಲ್‌ನಲ್ಲಿ ಸುಮ್ನೆ ಕೂತಿದ್ದರೆ ಲೆಕ್ಕಕ್ಕಿಲ್ಲ. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಆಫೀಸ್ ಇಟ್ಟವರು ಇದನ್ನು ತಮ್ಮ ಬಲ ಅಂತ ಬಾಯಿಬಿಟ್ಟು ಹೇಳಬೇಕು. ಮನೆಯ ಹತ್ತಿರ ಒಳ್ಳೆಯ ಕೆಲಸ ಸಿಕ್ಕವರು ಬೇಗ ಜಾಗ ಬಿಡುವುದಿಲ್ಲ. ಟೀಮಿನವರು ಸರಾಸರಿ ಎಷ್ಟು ವರ್ಷದಿಂದ ಜೊತೆಗಿದ್ದಾರೆ ಅಂತ ಪ್ರಪೋಸಲ್‌ನ ಮೊದಲ ಪುಟದಲ್ಲೇ ಹಾಕಿ.

ಇನ್ನು ಸ್ಟ್ಯಾಂಡರ್ಡ್‌ಗಳು, ಅಂದರೆ ಸುರಕ್ಷಿತವಾಗಿ ಸಾಫ್ಟ್‌ವೇರ್ ಕಟ್ಟಲು ಪಾಲಿಸಬೇಕಾದ ಲಿಖಿತ ನಿಯಮಗಳು. ವೈದ್ಯಕೀಯ ಸಾಫ್ಟ್‌ವೇರಿಗೆ ಐಇಸಿ 62304, ಕಾರುಗಳಿಗೆ ಐಎಸ್‌ಒ 26262, ವಿಮಾನಕ್ಕೆ ಡಿಒ-178ಸಿ. ಇವುಗಳ ಹೆಸರು ಪವರ್‌ಪಾಯಿಂಟಿನಲ್ಲಿ ಹಾಕುವುದು ಸುಲಭ. ಕಷ್ಟ ಇರುವುದು ದಿನನಿತ್ಯದ ಕೆಲಸದಲ್ಲಿ. 62304 ಸಾಫ್ಟ್‌ವೇರನ್ನು ಎ, ಬಿ, ಸಿ ಅಂತ ವಿಂಗಡಿಸುತ್ತದೆ, ಸಾವು ಅಥವಾ ಗಂಭೀರ ಹಾನಿ ಆಗಬಹುದಾದದ್ದು ಸಿ. ನೀವು ಹೊರಗಿನಿಂದ ತಂದು ಸೇರಿಸಿದ ಪ್ರತಿ ಲೈಬ್ರರಿಗೂ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹೆಸರು, ವರ್ಷನ್, ಅದರಿಂದ ಬೇಕಾದದ್ದೇನು ಅಂತ ಬರೆದಿಡಬೇಕಾಗುತ್ತದೆ. ಒಂದೊಂದು ರಿಕ್ವೈರ್‌ಮೆಂಟಿನಿಂದ ಕೋಡಿಗೆ, ಅಲ್ಲಿಂದ ಟೆಸ್ಟಿಗೆ ಎಳೆ ಸಿಗಬೇಕು. ಇದನ್ನೆಲ್ಲ ಆಡಿಟ್ ಬಂದಾಗ ಕೂತು ಬರೆಯುವ ಟೀಮ್‌ಗಳು ಬೇಕಾದಷ್ಟಿವೆ, ಆಡಿಟರ್‌ಗೆ ಅದು ತಾರೀಖು ನೋಡಿದರೇ ಗೊತ್ತಾಗುತ್ತದೆ. ಪುಲ್ ರಿಕ್ವೆಸ್ಟಿನಲ್ಲಿ, ಅಂದರೆ ಕೋಡಿನ ಬದಲಾವಣೆ ಸೇರಿಸಿ ಅಂತ ಕೇಳುವ ಕೋರಿಕೆಯಲ್ಲಿ, ರಿಕ್ವೈರ್‌ಮೆಂಟ್ ನಂಬರ್ ಇಲ್ಲದಿದ್ದರೆ ಮರ್ಜ್ ಆಗದ ಹಾಗೆ ಇವತ್ತೇ ಒಂದು ಚೆಕ್ ಹಾಕಿ. ಇಷ್ಟು ಸಣ್ಣ ಕೆಲಸದಿಂದ ಸಿಗುವ ಲಾಭ ತುಂಬಾ ದೊಡ್ಡದು.

ಕಾಂಟ್ರಾಕ್ಟಿನ ವಿಷಯದಲ್ಲಿ ನಮ್ಮವರು ಭಾರಿ ಉದಾಸೀನ ಮಾಡುತ್ತಾರೆ, ಅದಕ್ಕೇ ಸ್ವಲ್ಪ ಒತ್ತಿ ಹೇಳುತ್ತೇನೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನೌಕರರು ಕೆಲಸದ ಭಾಗವಾಗಿ ಬರೆದ ಕೋಡಿನ ಮೊದಲ ಒಡೆಯ ಕಂಪನಿ, ಬೇರೆ ಒಪ್ಪಂದ ಇಲ್ಲದಿದ್ದರೆ. ಆದರೆ ಫ್ರೀಲಾನ್ಸರ್‌ಗೆ ಅದು ಹಾಗೇ ಅನ್ವಯಿಸುವುದಿಲ್ಲ, ಅವರಿಂದ ಹಕ್ಕನ್ನು ಬರವಣಿಗೆಯಲ್ಲಿ ವರ್ಗ ಮಾಡಿಸಿಕೊಳ್ಳಬೇಕು. ಇನ್ನೊಂದು, 19ನೇ ಸೆಕ್ಷನ್. ವರ್ಗಾವಣೆ ಪತ್ರದಲ್ಲಿ ಎಷ್ಟು ಕಾಲ ಅಂತ ಬರೆಯದಿದ್ದರೆ ಐದೇ ವರ್ಷ ಅಂತ ಲೆಕ್ಕ, ಯಾವ ದೇಶಗಳಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ಜರ್ಮನಿಯಲ್ಲಿ ಮಾರುವ ಪ್ರಾಡಕ್ಟಿಗೆ ಭಾರತದ ಮಟ್ಟಿಗಷ್ಟೇ ಹಕ್ಕು ಸಿಕ್ಕರೆ ಕ್ಲೈಂಟಿನ ಗತಿ ಏನು? ಇದನ್ನು ಅವರ ವಕೀಲರಿಗಿಂತ ಮೊದಲು ನೀವೇ ಎತ್ತಿ, "ನಮ್ಮ ಫ್ರೀಲಾನ್ಸರ್‌ಗಳ ಪತ್ರದಲ್ಲಿ ಕಾಲ, ದೇಶ ಎರಡೂ ಇದೆ, ನೋಡಿ" ಅಂತ ಕಳಿಸಿದರೆ ನಂಬಿಕೆ ಎಷ್ಟು ಬೆಳೆಯುತ್ತದೆ ಅಲ್ವಾ? ಒಳ್ಳೆಯ ವಕೀಲರಿಗೆ ಒಮ್ಮೆ ಫೀಸ್ ಕೊಟ್ಟು ಈ ಪತ್ರಗಳನ್ನು ಸರಿ ಮಾಡಿಸಿಕೊಳ್ಳಿ.

ಅದೇ ಕಾಂಟ್ರಾಕ್ಟಿನಲ್ಲಿ ನಿಮ್ಮದು ಏನು ಅಂತಲೂ ಬರೆಸಿ. ನೀವು ಮೊದಲೇ ಕಟ್ಟಿಕೊಂಡ ಟೆಸ್ಟ್ ಸಿಮ್ಯುಲೇಟರ್, ಲಾಗ್ ಓದುವ ಟೂಲ್, ಸಾಧನ ಆನ್ ಆದಾಗ ಮೊದಲು ಓಡುವ ಬೂಟ್‌ಲೋಡರ್ ಇವೆಲ್ಲ ನಿಮ್ಮದಾಗಿಯೇ ಉಳಿಯಲಿ, ಕ್ಲೈಂಟಿಗೆ ತಮ್ಮ ಪ್ರಾಡಕ್ಟಿನಲ್ಲಿ ಬಳಸುವ ಹಕ್ಕು ಕೊಡಿ. ಕೆಲಸ ಶುರುವಾಗುವ ಮೊದಲು ಪಟ್ಟಿ ಮಾಡಿ ಅನುಬಂಧದಲ್ಲಿ ಸೇರಿಸಬೇಕು. ಮಧ್ಯದಲ್ಲಿ ಕೇಳಿದರೆ ಮೋಸ ಮಾಡುತ್ತಿದ್ದೀರಿ ಅಂದುಕೊಳ್ಳುತ್ತಾರೆ.

ರೇಟಿನ ವಿಷಯ ಈಗ ಬರಲಿ. ಗಂಟೆ ಲೆಕ್ಕದ ಬಿಲ್ಲಿಂಗ್ ಸುಲಭ, ಆದರೆ ನೀವು ಚುರುಕಾದಷ್ಟೂ ನಿಮ್ಮ ಬಿಲ್ ಸಣ್ಣದಾಗುತ್ತದೆ. ಎಐ ಟೂಲ್‌ಗಳು ಬಂದ ಮೇಲಂತೂ ಇದು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಹಾಗಂತ ಮೊದಲ ಪ್ರಾಜೆಕ್ಟಿಗೇ ಫಿಕ್ಸೆಡ್ ಬೆಲೆ ಹೇಳಬೇಡಿ. ಅಂದಾಜು ಎಷ್ಟಿತ್ತು, ನಿಜವಾಗಿ ಎಷ್ಟಾಯಿತು ಅಂತ ಪ್ರತಿ ಪ್ರಾಜೆಕ್ಟಿಗೂ ಲೆಕ್ಕ ಇಟ್ಟು, ಒಂದೇ ತರಹದ ಕೆಲಸ ಹಲವು ಸಲ ಮಾಡಿ ಅಂದಾಜು ನಿಜಕ್ಕೆ ಹತ್ತಿರ ಬರುತ್ತಿದೆ ಅನ್ನಿಸಿದಾಗ, ಅಷ್ಟು ಭಾಗಕ್ಕೆ ಮಾತ್ರ ಒಟ್ಟು ಬೆಲೆ ಹೇಳಿ. ಉಳಿದದ್ದು ಗಂಟೆ ಲೆಕ್ಕದಲ್ಲೇ ಇರಲಿ. ಎಐ ಟೂಲ್ ಬಳಸುವುದಾದರೆ ಕ್ಲೈಂಟನ್ನು ಲಿಖಿತವಾಗಿ ಕೇಳಿ, ಅವರ ಕೋಡ್ ಎಲ್ಲಿಗೆ ಹೋಗುತ್ತದೆ ಅಂತ ನಿಮಗೇ ಗೊತ್ತಿಲ್ಲದಿದ್ದರೆ ಬಳಸಲೇಬೇಡಿ.

ಕೆಟ್ಟ ಸುದ್ದಿ ಬೇಗ ಹೇಳಿ. ಶುಕ್ರವಾರದ ಡೆಮೊ ಆಗುವುದಿಲ್ಲ ಅಂತ ಮಂಗಳವಾರವೇ ಗೊತ್ತಿದ್ದರೆ ಮಂಗಳವಾರವೇ ಮೇಲ್ ಹೋಗಬೇಕು. "ನೋಡೋಣ, ಆಗುತ್ತೆ" ಅನ್ನುವುದು ನಮ್ಮಲ್ಲಿ ಮರ್ಯಾದೆಯ ಮಾತು, ಆದರೆ ಸ್ಟಟ್‌ಗಾರ್ಟಿನಲ್ಲಿ ಕೂತವರು ಅದನ್ನು ಒಪ್ಪಿಗೆ ಅಂತಲೇ ತಿಳಿದುಕೊಂಡು ತಮ್ಮ ಬಾಸ್‌ಗೆ ಹೇಳಿಬಿಡುತ್ತಾರೆ. ಜೂನಿಯರ್‌ಗಳಿಗೆ ಕಾಲ್‌ನಲ್ಲಿ "ಇದು ಆಗಲ್ಲ, ಯಾಕಂದ್ರೆ..." ಅನ್ನುವ ಧೈರ್ಯ ಕೊಡಿ. ಅವರು ಹಾಗೆ ಹೇಳಿದಾಗ ನೀವು ನಡುವೆ ಬಾಯಿ ಹಾಕಿ ಸಮಾಧಾನ ಮಾಡಲು ಹೋಗಬೇಡಿ.

ಈಗಿನ ದೊಡ್ಡ ಒತ್ತಡ ಜಿಸಿಸಿಗಳದು, ಅಂದರೆ ವಿದೇಶಿ ಕಂಪನಿಗಳು ಇಲ್ಲಿ ತೆರೆಯುವ ಸ್ವಂತ ಸೆಂಟರ್‌ಗಳು. ಕರ್ನಾಟಕ ಸರ್ಕಾರದ 2024ರ ಜಿಸಿಸಿ ನೀತಿಯ ಗುರಿ 2029ರೊಳಗೆ ಇನ್ನೂ 500 ಸೆಂಟರ್ ತರುವುದು. ನಿಮ್ಮ ಕ್ಲೈಂಟೂ ನಾಳೆ ಬಂದು ನಿಮ್ಮ ಜನರನ್ನೇ ಕರೆದುಕೊಳ್ಳಬಹುದು. ಅದನ್ನು ದ್ರೋಹ ಅಂದುಕೊಳ್ಳದೆ ಮೊದಲೇ ಬೆಲೆ ಕಟ್ಟಿ. ಟೀಮನ್ನು ಕಟ್ಟಿ, ನಡೆಸಿ, ಇಷ್ಟು ವರ್ಷದ ನಂತರ ಇಷ್ಟು ಜನರನ್ನು ಇಷ್ಟು ಮೊತ್ತಕ್ಕೆ ಒಪ್ಪಿಸುತ್ತೇವೆ ಅಂತ ಕಾಂಟ್ರಾಕ್ಟಿನಲ್ಲಿ ಬರೆಸಿದರೆ ಅದೇ ಒಂದು ಸೇವೆಯಾಗುತ್ತದೆ. ಹೊಸದಾಗಿ ತೆರೆದ ಸೆಂಟರಿಗೆ ಎಲ್ಲ ಬಗೆಯ ಪರಿಣತರು ಮೊದಲ ದಿನವೇ ಸಿಗುವುದಿಲ್ಲ, ಆ ಒಂದು ಚಿಕ್ಕ ಕ್ಷೇತ್ರದಲ್ಲಿ ಗಟ್ಟಿ ಇರುವವರಿಗೆ ಅಲ್ಲಿ ಮತ್ತೆ ಕೆಲಸ ಇದ್ದೇ ಇರುತ್ತದೆ.

ಕೊನೆಯದಾಗಿ, ಈ ವಾರವೇ ಮಾಡಬಹುದಾದ ಒಂದು ಕೆಲಸ. ಯುರೋಪಿನ ಸೈಬರ್ ರೆಸಿಲಿಯೆನ್ಸ್ ಆಕ್ಟ್, ಅಂದರೆ ಸಾಫ್ಟ್‌ವೇರ್ ಇರುವ ಪ್ರಾಡಕ್ಟ್‌ಗಳ ಸೈಬರ್ ಸುರಕ್ಷತೆಯ ಕಾನೂನು, 2024ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ದುರ್ಬಳಕೆಯಾಗುತ್ತಿರುವ ಸೆಕ್ಯುರಿಟಿ ದೋಷ ಗೊತ್ತಾದರೆ 24 ಗಂಟೆಯೊಳಗೆ ಮೊದಲ ಎಚ್ಚರಿಕೆ ಕೊಡುವ ನಿಯಮ 2026ರ ಸೆಪ್ಟೆಂಬರ್ 11ರಿಂದ, ಉಳಿದ ಮುಖ್ಯ ಹೊಣೆಗಳು 2027ರ ಡಿಸೆಂಬರ್ 11ರಿಂದ. ವೈದ್ಯಕೀಯ ಸಾಧನ, ಕಾರುಗಳಿಗೆ ಬೇರೆ ಕಾನೂನು ಇರುವುದರಿಂದ ಅವು ಇದರೊಳಗೆ ಬರುವುದಿಲ್ಲ. ರೌಟರ್, ಸ್ಮಾರ್ಟ್ ಬೀಗ, ಫ್ಯಾಕ್ಟರಿಯ ಕಂಟ್ರೋಲರ್ ತರಹದವು ಬರುತ್ತವೆ. ಎಚ್ಚರಿಕೆ ಕೊಡುವ ನಿಯಮ ಈಗಾಗಲೇ ಮಾರಿದ ಪ್ರಾಡಕ್ಟಿಗೂ ಅನ್ವಯ. ನಿಮ್ಮ ಹಳೆಯ ಕ್ಲೈಂಟ್‌ಗಳಲ್ಲಿ ಯುರೋಪಿನಲ್ಲಿ ಇಂಥದ್ದು ಮಾರುವವರು ಯಾರು ಅಂತ ಪಟ್ಟಿ ಮಾಡಿ. ಅವರಿಗಾಗಿ ನೀವು ಕಟ್ಟಿದ ವರ್ಷನ್ನಿನಲ್ಲಿ ಯಾವ ಯಾವ ಲೈಬ್ರರಿ ಇವೆ ಅಂತ ಬಿಲ್ಡ್‌ನಿಂದ ತೆಗೆಯಿರಿ, ಅವುಗಳಲ್ಲಿ ಗೊತ್ತಿರುವ ದೋಷ ಎಷ್ಟು ಅಂತ ನೋಡಿ. ಆಮೇಲೆ ಮೂರು ಸಾಲಿನ ಮೇಲ್ ಬರೆಯಿರಿ: ನಿಮ್ಮ ಇಂಥ ಪ್ರಾಡಕ್ಟಿನ ಇಂಥ ರಿಲೀಸಿನಲ್ಲಿ ಈ ಲೈಬ್ರರಿ ಹಳೆಯದಾಗಿದೆ, ಇದನ್ನು ಬದಲಿಸಲು ಇಷ್ಟು ಕೆಲಸ ಬೇಕಾಗುತ್ತದೆ, ವರ್ಷವಿಡೀ ಇದನ್ನು ನೋಡಿಕೊಳ್ಳಲು ಇಷ್ಟಾಗುತ್ತದೆ. ಪಟ್ಟಿಯನ್ನೂ ಜೊತೆಗೇ ಲಗತ್ತಿಸಿ, ಅದಕ್ಕೆ ದುಡ್ಡು ಕೇಳಬೇಡಿ.