ಪಿಟಿಒ ಕ್ಲಚ್ ತುಕ್ಕು ಹಿಡಿದು ಕೂತಿದ್ದರೆ ಸುತ್ತಿಗೆ ಎತ್ತಬೇಡಿ

ಹಳೆಯ ಗಾರ್ಡನ್ ಟ್ರಾಕ್ಟರ್ ಇಟ್ಟುಕೊಂಡವರಿಗೆ ಒಂದು ಸಲಹೆ. ಎಂಜಿನ್ನಿನ ಶಕ್ತಿಯನ್ನು ಹುಲ್ಲು ಕತ್ತರಿಸುವ ಬ್ಲೇಡಿಗೆ ಕೊಡುವ, ಎಂಜಿನ್ ಅಡಿಯ ಎಲೆಕ್ಟ್ರಿಕ್ ಪಿಟಿಒ ಕ್ಲಚ್‌ನ ನಡುವಿನ ಬೋಲ್ಟ್ ಬಿಚ್ಚಿದರೂ ಕ್ಲಚ್ ಅಲುಗದಿದ್ದರೆ, ಸಾಮಾನ್ಯವಾಗಿ ಅದರ ಹಬ್ (ಶಾಫ್ಟ್ ತೂರುವ ನಡುಭಾಗ) ಎಂಜಿನ್ನಿನಿಂದ ಕೆಳಗಿಳಿದು ತಿರುಗುವ ಕ್ರ್ಯಾಂಕ್ ಶಾಫ್ಟಿಗೆ ತುಕ್ಕಿನಿಂದ ಕಚ್ಚಿಕೊಂಡಿದೆ ಎಂದರ್ಥ.

ಮೊದಲು ಬ್ಯಾಟರಿಯ ನೆಗೆಟಿವ್ ವೈರ್, ಸ್ಪಾರ್ಕ್ ಪ್ಲಗ್ ಕ್ಯಾಪ್ ತೆಗೆಯಿರಿ. ಗಾಡಿ ಎತ್ತಿದರೆ ಸ್ಟ್ಯಾಂಡ್ ಮೇಲೆ ಕೂರಿಸಿ, ಬರೀ ಜಾಕ್ ನಂಬಿ ಕೆಳಗೆ ಹೋಗಲೇಬೇಡಿ. ಬೆಲ್ಟ್, ಕ್ಲಚ್ ವೈರಿನ ಕನೆಕ್ಟರ್ ಬಿಚ್ಚಿ.

ನಿಜವಾದ ಕೆಲಸ ಮಾಡುವುದು ತುಕ್ಕು ಬಿಡಿಸುವ ಎಣ್ಣೆ. ಶಾಫ್ಟ್ ಕೆಳಮುಖವಾಗಿರುವುದರಿಂದ ಅಡಿಯಿಂದ ಹೊಡೆದ ಎಣ್ಣೆ ಹಾಗೇ ತೊಟ್ಟಿಕ್ಕಿ ಹೋಗುತ್ತದೆ. ಸ್ಪ್ರೇ ನಳಿಕೆಯನ್ನು ಮೇಲಿನಿಂದ ಹಬ್ ಮತ್ತು ಶಾಫ್ಟಿನ ಸಂದಿಗೇ ಹಿಡಿಯಿರಿ. ರಾತ್ರಿಯಿಡೀ ನೆನೆಯಲಿ, ಬೆಳಗ್ಗೆ ಮತ್ತೊಮ್ಮೆ ಹೊಡೆಯಿರಿ. ಆಮೇಲೆ ಎದುರುಬದುರು ಎರಡು ಮೀಟುಗೋಲು ಕೊಟ್ಟು, ಸಮವಾಗಿ, ಸ್ವಲ್ಪ ಸ್ವಲ್ಪವೇ ಮೀಟಿ. ಒಂದೇ ಕಡೆ ಬಲ ಹಾಕಿದರೆ ಹಬ್ ಓರೆಯಾಗಿ ಇನ್ನಷ್ಟು ಬಿಗಿಯುತ್ತದೆ. ಮೀಟುಗೋಲನ್ನು ಎಂಜಿನ್ನಿನ ಅಲ್ಯೂಮಿನಿಯಂ ಮೈಗೆ ಊರಬೇಡಿ, ಅದು ಸೀಳೀತು.

ಸುತ್ತಿಗೆಯಿಂದ ಶಾಫ್ಟಿಗೆ ಹೊಡೆದ ಪ್ರತಿ ಏಟೂ ಒಳಗಿನ ಬೇರಿಂಗ್‌ಗೆ ತಗಲುತ್ತದೆ. ಬಿಸಿ ಮಾಡಿ ಬಿಡಿಸೋಣ ಎಂದು ಎಣ್ಣೆ ಹೊಡೆದ ಜಾಗಕ್ಕೆ ಬೆಂಕಿ ತೋರಿಸಿದರೆ ಅಪಾಯ, ಕ್ಲಚ್ಚಿನ ಕಾಯಿಲ್ ಕೂಡ ಸುಡುತ್ತದೆ. ಕ್ಲಚ್ ಭಾರವಾಗಿರುತ್ತದೆ, ಬಿಡುವ ಹೊತ್ತಿಗೆ ಕೆಳಗೆ ಮರದ ತುಂಡು ಇರಲಿ. ಶಾಫ್ಟಿನ ಚಿಕ್ಕ ಕೀ (ಹಬ್ ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಲೋಹದ ತುಂಡು) ಹುಲ್ಲಲ್ಲಿ ಬಿದ್ದು ಕಳೆಯದಂತೆ ನೋಡಿಕೊಳ್ಳಿ.

ಮತ್ತೆ ಕೂರಿಸುವ ಮೊದಲು ಶಾಫ್ಟನ್ನು ಎಮರಿ ಕಾಗದದಿಂದ ಉಜ್ಜಿ, ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ-ಸೀಜ್ ಪೇಸ್ಟ್ ತೆಳುವಾಗಿ ಸವರಿ. ಹಳೆಯ ಕ್ಲಚ್ಚನ್ನೇ ಹಾಕುವುದಾದರೆ, ಪ್ಲೇಟಿಗೆ ತಗುಲಿದ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ತೆಗೆಯಿರಿ.