ಪರಸಿ ಮನೆಯಲ್ಲಿ ಗಿಟಾರ್ ರೆಕಾರ್ಡಿಂಗ್: ಮೈಕ್‌ಗಿಂತ ಮೊದಲು ಕೌದಿ

ಮನೆಯಲ್ಲಿ ಮಾಡಿದ ಅಕೌಸ್ಟಿಕ್ ಗಿಟಾರ್ ರೆಕಾರ್ಡಿಂಗ್ ಕೆಡುವುದು ಹೆಚ್ಚಾಗಿ ಮೈಕ್‌ನಿಂದಲ್ಲ, ಕೋಣೆಯಿಂದ. ಕಲಬುರಗಿ ಕಡೆಯ ಮನೆಗಳಲ್ಲಿ ಕೆಳಗೆ ಶಹಾಬಾದ್ ಪರಸಿ ಕಲ್ಲಿನ ನೆಲ, ಮೇಲೆ ಆರ್‌ಸಿಸಿ, ಸುತ್ತ ನುಣ್ಣನೆಯ ಗೋಡೆ. ಖಾಲಿ ಕೋಣೆಯಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ನೋಡಿ. ಅದರ ಬೆನ್ನಿಗೇ ‘ಟರ್ರ್’ ಎಂಬ ದನಿ ಕೇಳಿದರೆ, ಗಿಟಾರಿನ ಪ್ರತಿ ಮೀಟಿನ ಹಿಂದೆಯೂ ಅದು ಬಂದು ಕೂರುತ್ತದೆ. ಒಮ್ಮೆ ರೆಕಾರ್ಡ್ ಆದ ಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ತೆಗೆಯಲಾರದು.

ಇದಕ್ಕೆ ನಮ್ಮ ಭಾಗದಲ್ಲಿ ಒಳ್ಳೆಯ ಮದ್ದು ಕೌದಿ. ಹಳೆ ಬಟ್ಟೆಯನ್ನು ಪದರ ಪದರವಾಗಿ ಹೊಲಿದ ದಪ್ಪ ಕೌದಿ ಕೀರಲು ಪ್ರತಿಧ್ವನಿಯನ್ನು ಚೆನ್ನಾಗಿ ಹೀರುತ್ತದೆ. ತೆಳು ಬೆಡ್‌ಶೀಟ್‌ನಿಂದಾಗಲಿ, ಮೊಟ್ಟೆ ಟ್ರೇಗಳಿಂದಾಗಲಿ ಈ ಕೆಲಸ ಆಗದು. ಹಗ್ಗ ಕಟ್ಟಿ ಒಂದು ಕೌದಿಯನ್ನು ನುಡಿಸುವವರ ಬೆನ್ನ ಹಿಂದೆ ಇಳಿಬಿಡಿ. ಮೈಕ್ ನೋಡುತ್ತಿರುವುದು ಆ ಗೋಡೆಯನ್ನೇ, ಹಾಗಾಗಿ ಮೊದಲ ಕೌದಿ ಅಲ್ಲಿಗೇ ಸಲ್ಲಬೇಕು. ಇನ್ನೊಂದನ್ನು ಹತ್ತಿರದ ಪಕ್ಕದ ಗೋಡೆಗೆ ಹಾಕಿ. ಗೋಡೆಗೆ ಅಂಟಿಸದೆ 10 ಸೆಂ.ಮೀ. ಬಿಟ್ಟು ಕಟ್ಟಿದರೆ ಇನ್ನಷ್ಟು ಕೆಳಗಿನ ಸ್ವರಗಳವರೆಗೂ ಪರಿಣಾಮ ಕಾಣುತ್ತದೆ. ತೀರಾ ತಗ್ಗಿನ ಗುಂಯ್‌ಗುಡುವಿಕೆಯನ್ನು ಮಾತ್ರ ಕೌದಿ ತಡೆಯದು. ಅದಕ್ಕೆ ಜಾಗ ಬದಲಿಸುವುದೇ ದಾರಿ: ಮೂಲೆಯಲ್ಲೂ ಬೇಡ, ಕೋಣೆಯ ನಟ್ಟನಡುವೆಯೂ ಬೇಡ. 12 ಅಡಿ ಉದ್ದದ ಕೋಣೆಯಾದರೆ ಒಂದು ಗೋಡೆಯಿಂದ ನಾಲ್ಕೈದು ಅಡಿ ಮುಂದೆ ಕೂರಬೇಕು.

ಫ್ಯಾನ್, ಕೂಲರ್, ಫ್ರಿಜ್ ಬಂದ್. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಇದು ಹಿಂಸೆಯೇ, ಆದ್ದರಿಂದ ನಸುಕಿನಲ್ಲೋ ರಾತ್ರಿಯೋ ಕೂರುವುದು ಜಾಣತನ. ಬೀದರ್‌ನವರು ವಾಯುನೆಲೆಯ ತರಬೇತಿ ವಿಮಾನಗಳು ಹಾರುವ ಹೊತ್ತನ್ನೂ ತಪ್ಪಿಸಬೇಕು. ಕೌದಿ ಕಟ್ಟಿದ ಮಾತ್ರಕ್ಕೆ ಹೊರಗಿನ ಸದ್ದು ನಿಲ್ಲುವುದಿಲ್ಲ.

ಬಿಸಿಲು ಗಿಟಾರನ್ನೂ ಬಿಡುವುದಿಲ್ಲ. ಗಾಳಿಯ ತೇವಾಂಶ ಶೇ 40ಕ್ಕಿಂತ ಕೆಳಗಿಳಿದರೆ ಕಟ್ಟಿಗೆ ಕುಗ್ಗುತ್ತದೆ, ಫ್ರೆಟ್‌ಗಳ (ಕೊರಳಿನ ಮೇಲಿನ ಅಡ್ಡ ಲೋಹಪಟ್ಟಿಗಳ) ತುದಿ ಕೈಗೆ ಚುಚ್ಚುತ್ತದೆ, ಮೇಲ್ಹಲಗೆ ತಗ್ಗಿ ತಂತಿ ಬಜ್ ಎನ್ನುತ್ತದೆ. ರೆಕಾರ್ಡಿಂಗ್‌ನಲ್ಲಿ ಇದು ಇನ್ನೂ ಎದ್ದು ಕೇಳುತ್ತದೆ. ತೂತು ಕೊರೆದ ಸಾಬೂನು ಡಬ್ಬಿಯಲ್ಲಿ, ಗಟ್ಟಿಯಾಗಿ ಹಿಂಡಿದ ಒದ್ದೆ ಸ್ಪಂಜ್ ಇಟ್ಟು ಕೇಸಿನೊಳಗೆ ಹಾಕಿಡಿ. ಶೇ 45ರಿಂದ 55 ತೇವಾಂಶ ಸರಿಯಾದ ಪ್ರಮಾಣ. ಕೂಲರ್ ಮುಂದೆ ಇಡುವುದು ಇದರ ತದ್ವಿರುದ್ಧದ ತಪ್ಪು: ಹಸಿಗಾಳಿಗೆ ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ. ಬೇರೆ ಕೋಣೆಯಿಂದ ತಂದ ಗಿಟಾರನ್ನು ಅರ್ಧ ಗಂಟೆ ಬಿಟ್ಟು ಶ್ರುತಿ ಮಾಡಿ, ಪ್ರತಿ ಟೇಕ್‌ಗೂ ಮುನ್ನ ಟ್ಯೂನರ್ ನೋಡಿ. ಹೊಸ ತಂತಿಯನ್ನು ಹಿಂದಿನ ದಿನವೇ ಹಾಕಿ ನುಡಿಸಿಟ್ಟರೆ ಎಳೆದಾಟ ಮುಗಿದಿರುತ್ತದೆ.

ಈಗ ಮೈಕ್. ಸ್ಮಾಲ್ ಡಯಾಫ್ರಮ್ ಕಂಡೆನ್ಸರ್, ಅಂದರೆ ಸಣ್ಣ ಪೊರೆಯ, ಕರೆಂಟ್ ಬೇಡುವ ಸೂಕ್ಷ್ಮ ಮೈಕ್ ಇದ್ದರೆ ಒಳ್ಳೆಯದು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್‌ನಲ್ಲಿ 48 ವೋಲ್ಟ್ ಸ್ವಿಚ್ ಒತ್ತದಿದ್ದರೆ ಅದು ಮಾತಾಡುವುದಿಲ್ಲ. ಮೈಕನ್ನು 12ನೇ ಫ್ರೆಟ್ ಎದುರು, 25–30 ಸೆಂ.ಮೀ. ದೂರದಲ್ಲಿ ನಿಲ್ಲಿಸಿ, ಮೂತಿಯನ್ನು ಗಿಟಾರಿನ ಕೊರಳು ಹೊಟ್ಟೆ ಸೇರುವ ಕಡೆಗೆ ತುಸು ತಿರುಗಿಸಿ. ಸೌಂಡ್‌ಹೋಲ್‌ಗೆ (ಮೇಲ್ಹಲಗೆಯ ದುಂಡು ತೂತಿಗೆ) ನೇರ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಗಿಟಾರಿನ ಹೊಟ್ಟೆಯೊಳಗಿನ ಗಾಳಿ ಸುಮಾರು 100 ಹರ್ಟ್ಸ್ (ಸೆಕೆಂಡಿಗೆ 100 ಕಂಪನ) ಆಸುಪಾಸಿನಲ್ಲಿ ಅನುರಣಿಸುತ್ತದೆ. ಕಾರ್ಡಿಯಾಯ್ಡ್ ಮೈಕ್ (ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವಂಥದ್ದು) ಹತ್ತಿರ ಹೋದಷ್ಟೂ ತಗ್ಗಿನ ದನಿಯನ್ನು ತಾನೇ ಹಿಗ್ಗಿಸುತ್ತದೆ. ಎರಡೂ ಸೇರಿ ಉಳಿಯುವುದು ‘ಗುಂ’ ಮಾತ್ರ. ಇಲ್ಲಿ ತಾಳ್ಮೆ ಬೇಕು. ನುಡಿಸುವವರು ಜಿ ಕಾರ್ಡ್ ಮೀಟುತ್ತಿರಲಿ, ಇನ್ನೊಬ್ಬರು ಹೆಡ್‌ಫೋನ್ ಹಾಕಿಕೊಂಡು ಮೈಕನ್ನು ಎರಡೆರಡು ಬೆರಳಿನಷ್ಟು ಸರಿಸುತ್ತ ಕೇಳಲಿ. ದಪ್ಪ ತಂತಿಯೂ ಸಣ್ಣ ತಂತಿಯೂ ಸರಿಸಮ ಕೇಳಿದ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ, ನಾಳೆಗೂ ಬೇಕಾಗುತ್ತದೆ. ಲ್ಯಾಪ್‌ಟಾಪನ್ನು ಮೈಕ್‌ನ ಬೆನ್ನ ಹಿಂದೆ ಇಡಿ, ಆ ಕಡೆಯ ಸದ್ದನ್ನು ಕಾರ್ಡಿಯಾಯ್ಡ್ ಕಡಿಮೆ ಹಿಡಿಯುತ್ತದೆ.

ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ದನಿಯ ಗುಣಮಟ್ಟವನ್ನು 24 ಬಿಟ್, 48 ಕಿಲೋಹರ್ಟ್ಸ್‌ಗೆ ಇಟ್ಟುಕೊಳ್ಳಿ. ಹಾಡಿನ ಅತಿ ಜೋರಿನ ಭಾಗ ನುಡಿಸಿ, ಮೀಟರ್ –12ರಿಂದ –10 ಡೆಸಿಬಲ್‌ಗೆ ಮುಟ್ಟುವಷ್ಟು ಗೇನ್ (ಮೈಕ್ ದನಿಯನ್ನು ಏರಿಸುವ ಪ್ರಮಾಣ) ಕೊಡಿ. 0 ದಾಟಿ ಒಡೆದ ದನಿ ಮತ್ತೆ ಕೂಡುವುದಿಲ್ಲ. ನುಡಿಸುವ ಮುನ್ನ ಐದು ಸೆಕೆಂಡ್ ಸುಮ್ಮನೆ ರೆಕಾರ್ಡ್ ಮಾಡಿ ಕೇಳಿ. ಗುಂಯ್ ಎಂದರೆ ಅದು 50 ಹರ್ಟ್ಸ್‌ನ ಕರೆಂಟಿನ ಸದ್ದು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಆಗ ನಿಂತರೆ ಮನೆಯ ಅರ್ಥಿಂಗ್ ಪರೀಕ್ಷಿಸಿ. ತಾಳ ಹಿಡಿಯುವ ಕ್ಲಿಕ್ ಕೇಳಲು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು, ಇಲ್ಲದಿದ್ದರೆ ಟಕ್ ಟಕ್ ಮೈಕಿಗೂ ಸೇರುತ್ತದೆ.

ಸ್ಟೀರಿಯೊ ಬೇಕೆಂದರೆ ಅದೇ ಭಾಗವನ್ನು ಎರಡು ಸಲ ನುಡಿಸಿ, ಒಂದನ್ನು ಎಡಕ್ಕೆ ಇನ್ನೊಂದನ್ನು ಬಲಕ್ಕೆ ಹಾಕಿ. ಎರಡು ಮೈಕ್ ಇಡುವವರು ಮೋನೊ ಒತ್ತಿ, ಎಡಬಲ ಎರಡನ್ನೂ ಒಂದಾಗಿ ಬೆರೆಸಿ ಕೇಳಲೇಬೇಕು. ದನಿ ಸೊರಗಿದರೆ ಎರಡು ಮೈಕ್‌ಗಳ ದನಿಗಳು ಒಂದನ್ನೊಂದು ಅಳಿಸುತ್ತಿವೆ, ಒಂದು ಮೈಕನ್ನು ಸರಿಸಿ.

ಕೊನೆಗೆ ಮಿಕ್ಸಿಂಗ್‌ನಲ್ಲಿ 70 ಹರ್ಟ್ಸ್ ಕೆಳಗಿನದನ್ನು ಹೈಪಾಸ್ ಫಿಲ್ಟರ್‌ನಿಂದ ತೆಗೆಯಬಹುದು, ಮಾಮೂಲಿ ಟ್ಯೂನಿಂಗ್‌ನ ಅತಿ ತಗ್ಗಿನ ಇ ತಂತಿ 82 ಹರ್ಟ್ಸ್. ಡ್ರಾಪ್ ಡಿ (ಆ ಇ ತಂತಿಯನ್ನು ಡಿ ಸ್ವರಕ್ಕೆ ಸಡಿಲಿಸುವ ಟ್ಯೂನಿಂಗ್) ನುಡಿಸುವವರಿಗೆ ಅದು 73ಕ್ಕೆ ಇಳಿಯುವುದರಿಂದ ಫಿಲ್ಟರನ್ನು 60ಕ್ಕೆ ಇಳಿಸಿಕೊಳ್ಳಿ.