ಮುನ್ನೂರ ಹನ್ನೆರಡು ನೋಟಿಸು, ಟೈಪ್ ಮಾಡುವುದು ಒಂದೇ

ಆಗಸ್ಟ್ ಕೊನೆಯ ವಾರ ಅಕ್ಕನ ಮನೆಗೆ ಹೋಗಿದ್ದೆ. ರಾತ್ರಿ ಹತ್ತಾದರೂ ಭಾವ ಲ್ಯಾಪ್‌ಟಾಪ್ ಬಿಟ್ಟು ಎದ್ದಿರಲಿಲ್ಲ. ಅವರು ಒಂದು ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತರು. ಸೆಪ್ಟೆಂಬರ್‌ನಲ್ಲಿ ವಾರ್ಷಿಕ ಮಹಾಸಭೆ, ಸದಸ್ಯರಿಗೆಲ್ಲ ನೋಟಿಸು ಹೋಗಬೇಕು. ವರ್ಡ್‌ನಲ್ಲಿ ನೋಟಿಸು ತೆರೆದಿಟ್ಟುಕೊಂಡು ಒಂದು ಹೆಸರು ಅಳಿಸುವುದು, ಇನ್ನೊಂದು ಬರೆಯುವುದು, ಸದಸ್ಯತ್ವದ ನಂಬರು ಬದಲಿಸುವುದು, ಪ್ರಿಂಟ್ ಕೊಡುವುದು. ಇದೇ ನಡೆದಿತ್ತು.

“ಎಷ್ಟು ಜನ ಭಾವ?”

“ಮುನ್ನೂರ ಹನ್ನೆರಡು. ಇನ್ನೂ ನಲವತ್ತೂ ಆಗಿಲ್ಲ ನೋಡು.”

ಒಂದಕ್ಕೆ ಎರಡು ನಿಮಿಷ ಅಂದರೂ ಹತ್ತು ತಾಸಿನ ಮೇಲಾಯಿತು. ಅದಕ್ಕಿಂತ ಕಷ್ಟದ್ದು ಬೇರೆ ಇದೆ. ನಡುವೆ ಒಂದು ಕಡೆ ಹೆಸರು ಬದಲಿಸಿ ನಂಬರು ಬದಲಿಸಲು ಮರೆತರೆ ಮಹಾಸಭೆಯ ದಿನ ಬೈಗುಳ ಗ್ಯಾರಂಟಿ. ಈ ಕೆಲಸಕ್ಕೆಂದೇ ವರ್ಡ್‌ನಲ್ಲಿ ಮೇಲ್ ಮರ್ಜ್ ಇದೆ. ನೋಟಿಸು ಒಮ್ಮೆ ಬರೆದರೆ ಸಾಕು, ಪಟ್ಟಿಯಿಂದ ಒಬ್ಬೊಬ್ಬರ ಹೆಸರು, ನಂಬರು ಅದೇ ತಂದು ತುಂಬುತ್ತದೆ. ಮದುವೆ ಕರೆಯೋಲೆಯ ಲಕೋಟೆ, ಶಾಲೆಯ ಪ್ರಮಾಣಪತ್ರ, ಅಪಾರ್ಟ್‌ಮೆಂಟಿನ ಬಾಕಿ ನೋಟಿಸು, ಎಲ್ಲಕ್ಕೂ ಇದೇ ಸಾಕು.

ಶುರು ಮಾಡಬೇಕಾದದ್ದು ವರ್ಡ್‌ನಿಂದ ಅಲ್ಲ, ಎಕ್ಸೆಲ್‌ನಿಂದ.

ಮೊದಲು ಪಟ್ಟಿ

ಮೊದಲ ಸಾಲಿನಲ್ಲಿ ಕಾಲಂಗಳ ಹೆಸರು ಬರೆಯಿರಿ: ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಸದಸ್ಯತ್ವ ಸಂಖ್ಯೆ, ಖಾತೆ ಸಂಖ್ಯೆ. ಒಂದು ಮನೆಯಲ್ಲಿ (ಸೆಲ್) ಒಂದೇ ವಿಷಯ ಇರಲಿ. ‘ಇಂಥವರು, ಇಂಥವರ ಮಗ, ಇಂಥ ಊರು’ ಅಂತ ಮೂರನ್ನೂ ಒಂದೇ ಮನೆಗೆ ತುರುಕಿದರೆ ಆಮೇಲೆ ಊರುವಾರು ಪಟ್ಟಿ ಬೇಕೆಂದಾಗ ಕೈಕೈ ಹಿಸುಕಿಕೊಳ್ಳಬೇಕು. ಪಟ್ಟಿಯ ಮೇಲೆ ಸಂಘದ ಹೆಸರನ್ನು ದೊಡ್ಡದಾಗಿ ಬರೆದು ಮನೆಗಳನ್ನು ಸೇರಿಸಿ ಒಂದು ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ನಡುವೆ ಖಾಲಿ ಸಾಲೂ ಬೇಡ.

ಖಾತೆ ಸಂಖ್ಯೆಯ ವಿಷಯದಲ್ಲಿ ಸ್ವಲ್ಪ ನಿಲ್ಲಿ. ಸೊನ್ನೆಯಿಂದ ಶುರುವಾಗುವ ನಂಬರನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ಎಕ್ಸೆಲ್ ಆ ಸೊನ್ನೆಯನ್ನು ನುಂಗುತ್ತದೆ. 12 ಅಂಕಿಯ ಆಧಾರ್ ನಂಬರು ನಡುವೆ ಚುಕ್ಕಿ, ಕೊನೆಗೆ ‘ಇ+11’ ಅಂತ ಬಾಲ ಸೇರಿಸಿಕೊಂಡು ನಿಲ್ಲುತ್ತದೆ. ಇದು ಬರೀ ತೋರಿಕೆ, ಒಳಗಿನ ಅಂಕಿ ಸರಿಯಾಗೇ ಇರುತ್ತದೆ. ಆದರೆ 16 ಅಂಕಿಯ ನಂಬರು ಹಾಗಲ್ಲ. ಎಕ್ಸೆಲ್ ನೆನಪಿಡುವುದು 15 ಅಂಕಿ ಮಾತ್ರ, ಹದಿನಾರನೆಯದನ್ನು ಸೊನ್ನೆ ಮಾಡಿಬಿಡುತ್ತದೆ. ಹೋದ ಅಂಕಿ ವಾಪಸ್ ಬರುವುದಿಲ್ಲ.

ಪರಿಹಾರ ಸುಲಭ. ಟೈಪ್ ಮಾಡುವ ಮೊದಲೇ ಆ ಇಡೀ ಕಾಲಂ ಆರಿಸಿ, ಹೋಮ್ ಟ್ಯಾಬ್‌ನಲ್ಲಿ ‘ಜನರಲ್’ ಅಂತ ಇರುವ ಪೆಟ್ಟಿಗೆಯನ್ನು ‘ಟೆಕ್ಸ್ಟ್’ ಮಾಡಿ. ಮೊದಲೇ ಅಂದರೆ ಮೊದಲೇ. ಟೈಪ್ ಆದಮೇಲೆ ಬದಲಿಸಿದರೆ ಹೋದ ಸೊನ್ನೆ ಮರಳದು. ನೋಟಿಸಿನಲ್ಲಿ ಬರಬೇಕಾದ ದಿನಾಂಕದ ಕಾಲಂ ಕೂಡ ಹೀಗೇ ಟೆಕ್ಸ್ಟ್ ಆಗಿರಲಿ. ಇಲ್ಲದಿದ್ದರೆ ವರ್ಡ್‌ಗೆ ಹೋಗುವಾಗ ತಿಂಗಳು ಮುಂದೆ, ದಿನ ಹಿಂದೆ ಆಗಿ ಅಮೆರಿಕದ ಲೆಕ್ಕದಲ್ಲಿ ಬರುವುದುಂಟು. ಕೂಡಿ ಕಳೆಯಬೇಕಾದ ಮೊತ್ತದ ಕಾಲಂ ಮಾತ್ರ ಅಂಕಿಯಾಗಿಯೇ ಇರಲಿ.

ನುಡಿಯ ಹಳೆಯ ಫಾಂಟ್ ಇದ್ದರೆ

ಭಾವನ ಪಟ್ಟಿಯ ಅರ್ಧ ಭಾಗ ಹಿಂದಿನವರು ಕನ್ನಡ ಬರೆಯುವ ತಂತ್ರಾಂಶ ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟದ್ದು. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ, ಕನ್ನಡದ ವೇಷ ಹಾಕಿಕೊಂಡದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಬೀಳುತ್ತದೆ. ಅಕಾರಾದಿಯಾಗಿ ಜೋಡಿಸಿ ಅಂದರೆ ಕ್ರಮ ಎಲ್ಲೆಲ್ಲೋ ಹೋಗುತ್ತದೆ.

ನುಡಿ ತಂತ್ರಾಂಶದಲ್ಲಿರುವ ಪರಿವರ್ತಕದಿಂದ ಅದನ್ನು ಯೂನಿಕೋಡ್, ಅಂದರೆ ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಅಕ್ಷರ, ಮಾಡಿಕೊಳ್ಳಿ. ಆದಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಹೆಸರುಗಳ ಮೇಲೆ ಒಮ್ಮೆ ಕಣ್ಣಾಡಿಸಿ, ತಪ್ಪು ಹೆಚ್ಚಾಗಿ ಅಡಗುವುದು ಅಲ್ಲೇ. ಇನ್ನು ಮುಂದೆ ಟೈಪ್ ಮಾಡುವುದೆಲ್ಲ ಯೂನಿಕೋಡ್‌ನಲ್ಲೇ ಇರಲಿ. ಕೀಲಿಮಣೆ ಬದಲಿಸಬೇಕಿಲ್ಲ, ನುಡಿಯಲ್ಲಿ ಬಳಸುವ ಕೆ.ಪಿ. ರಾವ್ ವಿನ್ಯಾಸದಲ್ಲೇ ಯೂನಿಕೋಡ್ ಕೂಡ ಬರೆಯಬಹುದು. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಸೇರಿಸಿಕೊಂಡವರು ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಕನ್ನಡ, ಇಂಗ್ಲಿಷ್ ನಡುವೆ ಓಡಾಡಬಹುದು.

ಈಗ ವರ್ಡ್

ಎಕ್ಸೆಲ್ ಫೈಲನ್ನು ಸೇವ್ ಮಾಡಿ ಮುಚ್ಚಿ. ವರ್ಡ್‌ನಲ್ಲಿ ನೋಟಿಸು ತೆರೆಯಿರಿ. ಹೆಸರು, ಊರು, ನಂಬರು ಬರುವ ಜಾಗ ಖಾಲಿ ಇರಲಿ.

1. ಮೇಲಿನ ಸಾಲಿನಲ್ಲಿ ‘ಮೇಲಿಂಗ್ಸ್’ ಒತ್ತಿ. ‘ಸ್ಟಾರ್ಟ್ ಮೇಲ್ ಮರ್ಜ್’ನಲ್ಲಿ ‘ಲೆಟರ್ಸ್’ ಆರಿಸಿ.

2. ‘ಸೆಲೆಕ್ಟ್ ರೆಸಿಪಿಯೆಂಟ್ಸ್’, ಅದರೊಳಗೆ ‘ಯೂಸ್ ಆನ್ ಎಕ್ಸಿಸ್ಟಿಂಗ್ ಲಿಸ್ಟ್’. ನಿಮ್ಮ ಎಕ್ಸೆಲ್ ಫೈಲ್ ತೋರಿಸಿ. ಯಾವ ಶೀಟ್ ಅಂತ ಕೇಳುತ್ತದೆ. ಮೊದಲ ಸಾಲಿನಲ್ಲಿ ಕಾಲಂ ಹೆಸರಿದೆ ಎನ್ನುವ ಟಿಕ್ ಕೆಳಗೆ ಇರುತ್ತದೆ, ಅದು ಹಾಗೇ ಇರಲಿ.

3. ಹೆಸರು ಬರಬೇಕಾದ ಜಾಗದಲ್ಲಿ ಕರ್ಸರ್ ಇಟ್ಟು ‘ಇನ್ಸರ್ಟ್ ಮರ್ಜ್ ಫೀಲ್ಡ್’ನಿಂದ ಹೆಸರು ಆರಿಸಿ. ಪಟ್ಟಿಯ ಕಾಲಂ ಬಂದು ಕೂರುವ ಈ ಜಾಗವೇ ಫೀಲ್ಡ್. ಊರಿಗೂ ನಂಬರಿಗೂ ಹೀಗೇ. ಎರಡು ಫೀಲ್ಡ್ ನಡುವೆ ಸ್ಪೇಸ್ ಅಥವಾ ಅಲ್ಪವಿರಾಮ ನೀವೇ ಹಾಕಬೇಕು. ಹೆಸರಿನ ಮುಂದೆ ‘ಅವರಿಗೆ’ ಅಂತ ಒಮ್ಮೆ ಬರೆದರೆ ಎಲ್ಲರಿಗೂ ಬರುತ್ತದೆ.

4. ‘ಪ್ರಿವ್ಯೂ ರಿಸಲ್ಟ್ಸ್’ ಒತ್ತಿ. ಮೊದಲ ಸದಸ್ಯರ ನೋಟಿಸು ಕಾಣುತ್ತದೆ. ಬಾಣ ಒತ್ತುತ್ತಾ ಹತ್ತಾರು ಜನರದ್ದು ನೋಡಿ. ಉದ್ದ ಹೆಸರಿನವರದ್ದನ್ನು ಬಿಡಬೇಡಿ, ಸಾಲು ಮುರಿದು ಎರಡನೇ ಪುಟಕ್ಕೆ ಹೋಗುವುದು ಅವರ ನೋಟಿಸೇ.

5. ‘ಫಿನಿಶ್ ಅಂಡ್ ಮರ್ಜ್’ನಲ್ಲಿ ನೇರ ಪ್ರಿಂಟ್ ಕೊಡಬೇಡಿ. ‘ಎಡಿಟ್ ಇಂಡಿವಿಜುವಲ್ ಡಾಕ್ಯುಮೆಂಟ್ಸ್’ ಆರಿಸಿ, ‘ಆಲ್’ ಅನ್ನಿ. ಎಲ್ಲ ನೋಟಿಸೂ ಇರುವ ಹೊಸ ಫೈಲ್ ತಯಾರಾಗುತ್ತದೆ. ಮೊದಲು ಐದೇ ಪುಟ ಪ್ರಿಂಟ್ ತೆಗೆದು ನೋಡಿ, ಆಮೇಲೆ ಉಳಿದದ್ದು.

ಭಾವನಿಗೆ ಇಷ್ಟೂ ಮಾಡಿ ತೋರಿಸಲು ಹಿಡಿದದ್ದು ಇಪ್ಪತ್ತು ನಿಮಿಷ. ಅವರು ಖುಷಿಪಡುವ ಬದಲು, “ಹೋದ ವರ್ಷ ಯಾಕೆ ಹೇಳಲಿಲ್ಲ?” ಅಂತ ಸಿಡಿಮಿಡಿ ಮಾಡಿದರು.

ಅದೇ ಪಟ್ಟಿ, ಸಹಿ ಹಾಳೆಗೆ

ಮಹಾಸಭೆಯಲ್ಲಿ ಸಹಿ ಹಾಕಿಸುವ ಹಾಜರಾತಿ ಹಾಳೆಗೆ ಮತ್ತೆ ಟೈಪ್ ಮಾಡುವುದೇನೂ ಬೇಡ ಅಲ್ವಾ? ಎಕ್ಸೆಲ್ ಪಟ್ಟಿಯನ್ನು ಊರುವಾರು ಜೋಡಿಸಿ. ಪಟ್ಟಿಯ ಒಳಗೆ ಯಾವುದಾದರೂ ಒಂದು ಮನೆಯ ಮೇಲೆ ಕ್ಲಿಕ್ ಮಾಡಿ, ‘ಡೇಟಾ’ ಟ್ಯಾಬ್‌ನ ‘ಸಾರ್ಟ್’ಗೆ ಹೋಗಿ. ಊರಿನ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಕೊಟ್ಟು, ಎಕ್ಸೆಲ್ ಕೊಡುವ ಎಚ್ಚರಿಕೆಯಲ್ಲಿ ‘ಕಂಟಿನ್ಯೂ ವಿತ್ ದ ಕರೆಂಟ್ ಸೆಲೆಕ್ಷನ್’ ಆರಿಸಿದರೆ ಊರು ಮಾತ್ರ ಮೇಲೆ ಕೆಳಗೆ ಆಗುತ್ತದೆ, ಹೆಸರು ಇದ್ದಲ್ಲೇ ಇರುತ್ತದೆ. ಒಬ್ಬರ ಊರು ಇನ್ನೊಬ್ಬರಿಗೆ. ಹಾಗಾದರೆ ಗಾಬರಿ ಬೀಳದೆ ತಕ್ಷಣ ಕಂಟ್ರೋಲ್ ಹಿಡಿದು ಝಡ್ ಒತ್ತಿ.

ಎರಡನೇ ಪುಟದಿಂದ ಮೇಲೆ ಕಾಲಂ ಹೆಸರು ಇರುವುದಿಲ್ಲ ಎನ್ನುವುದು ಎಲ್ಲ ಆಫೀಸಿನ ದೂರು. ‘ಪೇಜ್ ಲೇಔಟ್’ನಲ್ಲಿ ‘ಪ್ರಿಂಟ್ ಟೈಟಲ್ಸ್’ ಇದೆ. ಅದರಲ್ಲಿ ‘ರೋಸ್ ಟು ರಿಪೀಟ್ ಅಟ್ ಟಾಪ್’ ಪೆಟ್ಟಿಗೆಯಲ್ಲಿ ಕ್ಲಿಕ್ ಮಾಡಿ ಮೊದಲ ಸಾಲನ್ನು ತೋರಿಸಿ. ಕೊನೆಯ ಕಾಲಂ ಬೇರೆ ಹಾಳೆಗೆ ಓಡಿಹೋಗುತ್ತಿದ್ದರೆ ಅಲ್ಲೇ ಪಕ್ಕದಲ್ಲಿರುವ ‘ವಿಡ್ತ್’ ಅನ್ನು ‘1 ಪೇಜ್’ ಮಾಡಿ. ಸಾಲಿನ ಎತ್ತರ ಸ್ವಲ್ಪ ಜಾಸ್ತಿಯೇ ಇಡಿ, ಹೆಬ್ಬೆಟ್ಟು ಒತ್ತುವವರಿಗೂ ಜಾಗ ಬೇಕು.

ಕೈಗೆ ಹತ್ತಬೇಕಾದ ನಾಲ್ಕು ಕೀಲಿ

ಐವತ್ತು ಶಾರ್ಟ್‌ಕಟ್ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದವರನ್ನು ಕಂಡಿದ್ದೇನೆ. ಒಂದೂ ಬಳಕೆಗೆ ಬರುವುದಿಲ್ಲ. ನಾಲ್ಕು ಸಾಕು.

ಎಕ್ಸೆಲ್‌ನಲ್ಲಿ ಕಂಟ್ರೋಲ್ ಜೊತೆ ಅರ್ಧವಿರಾಮದ (;) ಕೀಲಿ ಒತ್ತಿದರೆ ಇವತ್ತಿನ ದಿನಾಂಕ ಬೀಳುತ್ತದೆ. ಅಂಕಿಗಳ ಕೆಳಗಿನ ಖಾಲಿ ಮನೆಯಲ್ಲಿ ಆಲ್ಟ್ ಜೊತೆ ಸಮ ಚಿಹ್ನೆ ಒತ್ತಿ ಎಂಟರ್ ಕೊಟ್ಟರೆ ಮೊತ್ತ ಬರುತ್ತದೆ. ಕ್ಯಾಲ್ಕುಲೇಟರ್‌ನಲ್ಲಿ ಕೂಡಿ ಎಕ್ಸೆಲ್‌ನಲ್ಲಿ ಬರೆಯುವವರು ಇನ್ನೂ ಇದ್ದಾರೆ, ಅದಕ್ಕೇ ಹೇಳಿದೆ.

ವಿಂಡೋಸ್ 10 ಅಥವಾ 11 ಇದ್ದರೆ ವಿಂಡೋಸ್ ಕೀ ಜೊತೆ ವಿ ಒತ್ತಿ. ಮೊದಲ ಸಲ ‘ಟರ್ನ್ ಆನ್’ ಅನ್ನಬೇಕು. ಅಲ್ಲಿಂದ ಮುಂದೆ ಕಾಪಿ ಮಾಡಿದ 25 ತುಣುಕುಗಳವರೆಗೆ ಸಾಲಾಗಿ ಕಾಣುತ್ತವೆ, ಬೇಕಾದ್ದನ್ನು ಆರಿಸಿ ಪೇಸ್ಟ್ ಮಾಡಬಹುದು. ಕಾಪಿ ಮಾಡಿದ ಪಾಸ್‌ವರ್ಡ್ ಕೂಡ ಅಲ್ಲೇ ಕೂರುತ್ತದೆ, ಹತ್ತು ಜನ ಮುಟ್ಟುವ ಕಂಪ್ಯೂಟರಿನಲ್ಲಿ ಹುಷಾರು.

ವರ್ಡ್‌ನಲ್ಲಿ ಶಿಫ್ಟ್ ಜೊತೆ ಎಫ್5 ಒತ್ತಿದರೆ ಕೊನೆಯ ಸಲ ತಿದ್ದಿದ ಜಾಗಕ್ಕೆ ಕರ್ಸರ್ ಹೋಗಿ ನಿಲ್ಲುತ್ತದೆ. ಉದ್ದದ ವಾರ್ಷಿಕ ವರದಿ ತಿದ್ದುವಾಗ ಇದರ ಬೆಲೆ ಗೊತ್ತಾಗುತ್ತದೆ.

ಮುಂದಿನ ವರ್ಷಕ್ಕೆ

ಫೀಲ್ಡ್ ಹಾಕಿದ ಮೂಲ ನೋಟಿಸನ್ನು ಸೇವ್ ಮಾಡಿ, ಎಕ್ಸೆಲ್ ಪಟ್ಟಿ ಇರುವ ಫೋಲ್ಡರ್‌ನಲ್ಲೇ ಇಡಿ. ಮುಂದಿನ ವರ್ಷ ತೆರೆದಾಗ ಎಸ್‌ಕ್ಯೂಎಲ್ ಕಮಾಂಡ್ ಅಂತ ಏನೋ ಹೆದರಿಸುವ ಪೆಟ್ಟಿಗೆ ಬರುತ್ತದೆ. ಪಟ್ಟಿಯಿಂದ ಹೆಸರು ತರಲೇ ಅಂತ ಕೇಳುತ್ತಿದೆ, ಅಷ್ಟೇ. ನೀವೇ ಮಾಡಿದ ಫೈಲ್ ಆದರೆ ‘ಯೆಸ್’ ಒತ್ತಿ. ಪಟ್ಟಿಯ ಫೈಲಿಗೆ ಹೊಸ ಹೆಸರಿಟ್ಟಿದ್ದರೆ ಅಥವಾ ಬೇರೆಡೆ ಸರಿಸಿದ್ದರೆ ವರ್ಡ್‌ಗೆ ಸಿಗುವುದಿಲ್ಲ, ಎರಡನೇ ಹೆಜ್ಜೆಯಿಂದ ಮತ್ತೆ ತೋರಿಸಬೇಕು. ನೋಟಿಸಿನಲ್ಲಿ ಸಭೆಯ ದಿನಾಂಕ ಬದಲಿಸಲು ಮಾತ್ರ ಮರೆಯಬೇಡಿ. ಅದನ್ನು ಮೇಲ್ ಮರ್ಜ್ ಹಿಡಿದುಕೊಡುವುದಿಲ್ಲ.